ಎಳೆ ಹ್ಯಾಟೆಯ ಚೊಚ್ಚಲ ಮೊಟ್ಟೆ ಕಾವಿಗೆ ಬೇಡ

(ಉಡಿಗಾಲದಲ್ಲಿ ಕೋಳಿ ಸಾಕುವವರ ಮುಂದೆ ಮಾಡಿದ ಭಾಷಣ)



ಅರಿಶಿನದ ವಿಚಾರವನ್ನೋ ಜೋಳದ ವಿಚಾರವನ್ನೋ ಮಾತನಾಡುವಾಗ ಗಂಡಸರು ಮುಂದಿನ ಸಾಲಿನಲ್ಲಿ ಕೂರುವುದು ವಾಡಿಕೆ. ಇಂದಿನದು ಕೋಳಿಯ ವಿಚಾರ. ಆದ್ದರಿಂದ ಹೆಂಗಸರು ಮುಂದೆ ಬಂದು ಕೂರಬೇಕೆಂದು ಮೊದಲೇ ಕೇಳಿಕೊಂಡೆ. ನಮ್ಮ ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಹಳ್ಳಿಗಳಲ್ಲಿ ಹಿತ್ತಲ ಕೋಳಿಯ ಲೆಕ್ಕವೆಲ್ಲ ಹೆಂಗಸರ ಕೈಯಲ್ಲೇ ಇದೆ. ಯಾವ ಕೋಳಿ ಯಾವ ಮೂಲೆಯಲ್ಲಿ ಮೊಟ್ಟೆ ಇಡುತ್ತದೆ, ಯಾವುದು ಪಕ್ಕದ ಮನೆಯ ಹುಲ್ಲಿನ ಮೆದೆಗೆ ಹೋಗಿ ಇಟ್ಟು ಬರುತ್ತದೆ, ಯಾವುದು ಇನ್ನೆರಡು ದಿನದಲ್ಲಿ ಕಾವಿಗೆ ಕೂರುತ್ತದೆ ಎಂಬುದು ಅವರಿಗೇ ಗೊತ್ತು. ತೆರಕಣಾಂಬಿ ಸಂತೆಗೆ ಎರಡು ಹುಂಜ ಹೋದರೆ ಉಪ್ಪು, ಎಣ್ಣೆ, ಮಕ್ಕಳ ಪುಸ್ತಕ ಮನೆಗೆ ಬರುವುದು ಆ ಹಣದಿಂದಲೇ. ಆದ್ದರಿಂದ ನಾನು ಹೇಳುವುದರಲ್ಲಿ ತಪ್ಪಿದ್ದರೆ ತಿದ್ದುವ ಹಕ್ಕೂ ಅವರದೇ.

ನಾನು ಇಂದು ಎತ್ತಿಕೊಂಡಿರುವುದು ಸಣ್ಣ ವಿಷಯ. ಹ್ಯಾಟೆ ಮೊದಲ ಸಾರಿ ಮೊಟ್ಟೆಗೆ ಬರುತ್ತದೆ. ಹತ್ತು ಹನ್ನೆರಡು ಮೊಟ್ಟೆ ಇಡುತ್ತದೆ. ಆಮೇಲೆ ಗೂಡು ಬಿಟ್ಟು ಏಳದೆ, ಮೈ ಉಬ್ಬಿಸಿಕೊಂಡು, ಕೈ ಹಾಕಿದರೆ ಕುಕ್ಕುತ್ತಾ ಕಾವಿಗೆ ಕೂರುತ್ತದೆ. ಆಗ ನಾವು ಏನು ಮಾಡುತ್ತೇವೆ? ಅದು ಇಟ್ಟ ಮೊಟ್ಟೆಗಳನ್ನೇ ಅದರ ಅಡಿಗಿಟ್ಟು ಮಂಕರಿಯಲ್ಲಿ ಕೂರಿಸುತ್ತೇವೆ. ಅದರ ಮೊಟ್ಟೆ, ಅದರ ಕಾವು, ಅದರ ಮರಿ. ಇದರಲ್ಲಿ ಯೋಚಿಸುವುದೇನಿದೆ ಎಂದುಕೊಳ್ಳುತ್ತೇವೆ. ಯೋಚಿಸುವುದು ಇದೆ ಎಂದು ಹೇಳಲೆಂದೇ ನಾನು ಬಂದಿದ್ದೇನೆ.

ಮೊದಲು ಮೊಟ್ಟೆಯನ್ನೇ ನೋಡೋಣ. ನಾಟಿ ಹ್ಯಾಟೆ ಆರೇಳು ತಿಂಗಳಿಗೆ ಮೊಟ್ಟೆಗೆ ಬರುತ್ತದೆ. ಅದರ ಮೊದಮೊದಲ ಮೊಟ್ಟೆಗಳನ್ನು ಅದೇ ಹಿತ್ತಲಿನ ಎರಡು ವರ್ಷದ ಕೋಳಿಯ ಮೊಟ್ಟೆಯ ಪಕ್ಕದಲ್ಲಿಟ್ಟರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಹ್ಯಾಟೆಯದು 30 ಗ್ರಾಂ ಆಸುಪಾಸಿನಲ್ಲಿದ್ದರೆ, ಬಲಿತ ಕೋಳಿಯದು 40 ಗ್ರಾಂ, ಕೆಲವಕ್ಕೆ 45 ಗ್ರಾಂ ತೂಗುತ್ತದೆ. ಮೊಟ್ಟೆಯಿಂದ ಹೊರಬರುವ ಮರಿಯ ತೂಕ ಆ ಮೊಟ್ಟೆಯ ತೂಕದ ಮೂರರಲ್ಲಿ ಎರಡು ಪಾಲು. ಇದು ಹೆಚ್ಚು ಕಡಿಮೆ ಎಲ್ಲ ಜಾತಿ ಕೋಳಿಗೂ ಸಲ್ಲುವ ಲೆಕ್ಕ. ಹಾಗಾದರೆ 30 ಗ್ರಾಂ ಮೊಟ್ಟೆಯ ಮರಿ 20 ಗ್ರಾಂ. 42 ಗ್ರಾಂ ಮೊಟ್ಟೆಯ ಮರಿ 28 ಗ್ರಾಂ. ಎಂಟು ಗ್ರಾಂ ಎಂದರೆ ಏನು ಮಹಾ ಎನ್ನಬೇಡಿ. ಇಪ್ಪತ್ತು ಗ್ರಾಂನ ಮರಿಗೆ ಎಂಟು ಗ್ರಾಂ ಎಂಬುದು ಅದರ ಮೈಯ ಅರ್ಧಕ್ಕೆ ಹತ್ತಿರ.

ಬರೀ ಗಾತ್ರದ ಮಾತೂ ಅಲ್ಲ. ಮೊಟ್ಟೆಯ ಒಳಗೆ ಮರಿ ಬೆಳೆಯುವುದು ಮುಖ್ಯವಾಗಿ ಹಳದಿಯನ್ನು ತಿಂದು. ಎಳೆ ಹ್ಯಾಟೆಯ ಮೊಟ್ಟೆಯಲ್ಲಿ ಹಳದಿ ಸುಮಾರು ಕಾಲು ಭಾಗ ಮಾತ್ರ ಇರುತ್ತದೆ. ಕೋಳಿ ಬಲಿಯುತ್ತಾ ಹೋದಂತೆ ಅದು ಮೂರನೇ ಒಂದು ಭಾಗದ ಸಮೀಪಕ್ಕೆ ಏರುತ್ತದೆ. ಅಂದರೆ ಬುತ್ತಿಯ ಗಂಟೇ ಸಣ್ಣದು, ಅದರಲ್ಲಿ ಅನ್ನದ ಪಾಲು ಇನ್ನೂ ಕಡಿಮೆ. ಮರಿ ಓಡು ಒಡೆದು ಬರುವ ಮುಂಚೆ ಉಳಿದ ಹಳದಿಯನ್ನು ಹೊಟ್ಟೆಯೊಳಕ್ಕೆ ಎಳೆದುಕೊಂಡು ಬರುತ್ತದೆ. ಮೊದಲ ಎರಡು ಮೂರು ದಿನ ಅದಕ್ಕೆ ಆಧಾರ ಆ ಉಳಿಕೆಯೇ. ತಾಯಿ ಕೋಳಿ ರೋಗ ತಡೆಯಲು ತನ್ನ ರಕ್ತದಲ್ಲಿ ಮಾಡಿಕೊಂಡಿರುವ ಶಕ್ತಿಯ ಒಂದಂಶವೂ ಮರಿಗೆ ಬರುವುದು ಹಳದಿಯ ಮೂಲಕವೇ. ಸಣ್ಣ ಹಳದಿಯ ಮರಿಗೆ ಇವೆಲ್ಲವೂ ಕಡಿಮೆ.

ಇನ್ನೊಂದು ಸಂಗತಿ. ಎಳೆ ಕೋಳಿಯ ಮೊಟ್ಟೆಯ ಓಡು ಗಟ್ಟಿ, ಒಳಗಿನ ಬಿಳಿ ಲೋಳೆ ಮಂದ. ಇದು ಒಳ್ಳೆಯದಲ್ಲವೇ ಎಂದು ನೀವು ಕೇಳಬಹುದು. ತಿನ್ನಲು, ಸಾಗಿಸಲು ಒಳ್ಳೆಯದೇ. ಆದರೆ ಒಳಗಿರುವ ಮರಿ ಉಸಿರಾಡಬೇಕು. ಓಡಿನಲ್ಲಿ ಕಣ್ಣಿಗೆ ಕಾಣದ ಸಾವಿರಾರು ರಂಧ್ರಗಳಿವೆ. ಗಾಳಿ ಒಳಗೆ ಹೋಗುವುದೂ ತೇವ ಹೊರಗೆ ಬರುವುದೂ ಅವುಗಳಿಂದ. ಓಡು ದಪ್ಪವಾಗಿ, ಲೋಳೆ ಮಂದವಾಗಿದ್ದರೆ ಕೊನೆಯ ನಾಲ್ಕೈದು ದಿನ, ಮರಿ ದೊಡ್ಡದಾಗಿ ಹೆಚ್ಚು ಗಾಳಿ ಬೇಕಾದ ಹೊತ್ತಿಗೆ, ಅದು ಸಾಲದೆ ಬರುತ್ತದೆ. ನೀವೇ ನೋಡಿರುತ್ತೀರಿ: ಇಪ್ಪತ್ತೊಂದು ದಿನ ಕಳೆದರೂ ಒಡೆಯದ ಮೊಟ್ಟೆಯನ್ನು ಒಡೆದು ನೋಡಿದರೆ ಪುಕ್ಕ ಬಂದ ಮರಿ ಒಳಗೇ ಸತ್ತಿರುತ್ತದೆ. ಚೊಚ್ಚಲ ಮೊಟ್ಟೆಗಳಲ್ಲಿ ಇಂಥವು ಹೆಚ್ಚು. ಗುಡುಗಿಗೆ ಸತ್ತಿತು, ಮುಟ್ಟಿನವರ ನೆರಳಿಗೆ ಸತ್ತಿತು ಎಂದು ಯಾರ ಮೇಲೋ ತಪ್ಪು ಹೊರಿಸುತ್ತೇವೆ. ಮಂಕರಿಯಲ್ಲಿ ಕಬ್ಬಿಣದ ಚೂರು, ಇದ್ದಿಲು ಇಡುವವರಿದ್ದಾರೆ. ಇಡಲಿ, ಅದರಿಂದ ಕೆಡುಕಿಲ್ಲ. ಆದರೆ ಆ ಮರಿ ಸತ್ತದ್ದಕ್ಕೆ ಕಾರಣ ಗುಡುಗೂ ಅಲ್ಲ, ಮನೆಯ ಹೆಣ್ಣುಮಗಳಂತೂ ಅಲ್ಲವೇ ಅಲ್ಲ.

ಮೊದಮೊದಲು ಹ್ಯಾಟೆಯ ಮೊಟ್ಟೆ ಇಡುವ ಕ್ರಮವೂ ನೆಟ್ಟಗಿರುವುದಿಲ್ಲ. ಒಂದು ದಿನ ಎರಡು ಹಳದಿಯದು, ಇನ್ನೊಂದು ದಿನ ಓಡೇ ಇಲ್ಲದ ತೊಗಲು ಮೊಟ್ಟೆ, ಮತ್ತೊಂದು ದಿನ ಗೋಲಿಯಷ್ಟು ಪುಟ್ಟದು. ಗಾಬರಿಪಡಬೇಕಾದ್ದಿಲ್ಲ, ಕೆಲವು ವಾರದಲ್ಲಿ ತಾನೇ ಸರಿಹೋಗುತ್ತದೆ. ಎರಡು ಹಳದಿಯ ಮೊಟ್ಟೆಯಲ್ಲಿ ಅವಳಿ ಮರಿ ಬರುತ್ತದೆಂದು ಆಸೆಯಿಂದ ಕಾವಿಗಿಡುವವರಿದ್ದಾರೆ. ಅದು ಸಾಮಾನ್ಯವಾಗಿ ಒಂದು ಮರಿಯನ್ನೂ ಕೊಡುವುದಿಲ್ಲ. ಬಾಣಲೆಗೆ ಹಾಕಿ.

ಹುಂಜದ ಕಡೆಯಿಂದಲೂ ಒಂದು ಕೊರತೆ ಉಂಟು. ಹ್ಯಾಟೆಯ ಜೊತೆಯಲ್ಲೇ ಹುಟ್ಟಿದ ಎಳೆ ಹುಂಜ ಮಾತ್ರ ಹಿತ್ತಲಿನಲ್ಲಿದ್ದರೆ, ಅದು ಕೂಗಲು ಕಲಿತಿದ್ದರೂ ಬೀಜ ಬಲಿತಿರುವುದಿಲ್ಲ. ಏಳೆಂಟು ತಿಂಗಳು ತುಂಬಿದ ಹುಂಜ ಬೇಕು. ಎಂಟು ಹತ್ತು ಕೋಳಿಗೆ ಅಂಥದೊಂದು ಸಾಕು. ಹೊಸ ಹುಂಜ ತಂದರೆ ಒಂದು ವಾರ ಕಳೆದ ಮೇಲೆ ಇಟ್ಟ ಮೊಟ್ಟೆಗಳನ್ನು ಮಾತ್ರ ಮರಿಗೆ ತೆಗೆದಿಡಿ. ಹಬ್ಬಕ್ಕೆ ಹುಂಜವನ್ನು ಕೊಯ್ದುಬಿಟ್ಟರೆ ಮೊಟ್ಟೆ ನಿಲ್ಲುವುದಿಲ್ಲ, ಕೋಳಿ ಇಡುತ್ತಲೇ ಇರುತ್ತದೆ. ಆದರೆ ಹತ್ತು ದಿನದ ಮೇಲೆ ಅವು ಗೊಡ್ಡು ಮೊಟ್ಟೆಗಳೆಂದೇ ತಿಳಿಯಿರಿ. ಮನೆಯ ಹುಂಜವನ್ನು ಹರಕೆಗೆ ಒಪ್ಪಿಸಿ, ತಿಂಗಳ ಮೇಲೆ ಹನ್ನೆರಡು ಮೊಟ್ಟೆ ಕಾವಿಗಿಟ್ಟು, ಒಂದೂ ಒಡೆಯಲಿಲ್ಲವೆಂದು ಕೋಳಿಯನ್ನು ಬೈದವರನ್ನು ಕಂಡಿದ್ದೇನೆ.

ಇಷ್ಟು ಹೇಳಿದೆನೆಂದು ಚೊಚ್ಚಲ ಮೊಟ್ಟೆಯಿಂದ ಮರಿಯೇ ಆಗುವುದಿಲ್ಲವೆಂದು ತಿಳಿಯಬೇಡಿ. ಆಗುತ್ತದೆ. ಹನ್ನೆರಡರಲ್ಲಿ ಐದೋ ಆರೋ ಒಡೆಯಬಹುದು, ಅದೃಷ್ಟವಿದ್ದರೆ ಎಂಟೂ ಒಡೆಯಬಹುದು. ಆ ಪುಟ್ಟ ಮರಿಗಳನ್ನು ಒಳಗೆ ಬೆಚ್ಚಗಿಟ್ಟು, ನುಚ್ಚು, ಗೆದ್ದಲು ಕೈಯಾರೆ ಹಾಕಿ ಸಾಕಿದರೆ ಕೆಲವು ವಾರದಲ್ಲಿ ದೊಡ್ಡ ಮೊಟ್ಟೆಯ ಮರಿಗಳಿಗೆ ಸಮನಾಗಿಯೂ ಬೆಳೆಯುತ್ತವೆ. ಕಷ್ಟವಿರುವುದು ಮೊದಲ ಹದಿನೈದು ದಿನ. ಹಿತ್ತಲಿನಲ್ಲಿ ತಾಯಿಯ ಹಿಂದೆ ಓಡಿ ಕೆದಕಿ ತಿನ್ನಬೇಕಾದ ಮರಿ ಅದು. ಸಣ್ಣ ಮೈ ಬೇಗ ತಣ್ಣಗಾಗುತ್ತದೆ. ಒಂದು ಸೋನೆ ಮಳೆಗೆ ನೆನೆದರೆ ನಡುಗಿ ಸಾಯುತ್ತದೆ. ತಾಯಿಯ ಜೊತೆ ಓಡಲಾರದೆ ಹಿಂದೆ ಬಿದ್ದದ್ದೇ ಕಾಗೆಗೂ ಹದ್ದಿಗೂ ಸಿಗುವುದು. ದಿನಕ್ಕೊಂದರಂತೆ ಹೋಗಿ ತಿಂಗಳ ಕೊನೆಗೆ ಎರಡೋ ಮೂರೋ ಉಳಿದರೆ, ಹದ್ದಿನ ಕಾಟ ಜಾಸ್ತಿ ಎನ್ನುತ್ತೇವೆ.

ಈಗ ನಷ್ಟದ ಲೆಕ್ಕ ಹಾಕೋಣ. ಈ ಲೆಕ್ಕವೇ ನನ್ನ ಮಾತಿನ ತಿರುಳು.

ನಮ್ಮ ನಾಟಿ ಕೋಳಿ ಒಂದು ಸಾರಿ ಮೊಟ್ಟೆಗೆ ಬಂದರೆ ಸುಮಾರು ಮೂರು ವಾರದಲ್ಲಿ ಹನ್ನೆರಡು ಹದಿನೈದು ಮೊಟ್ಟೆ ಇಡುತ್ತದೆ. ಕಾವು ಮೂರು ವಾರ. ಮರಿಗಳ ಜೊತೆ ತಿರುಗುವುದು ಎರಡು ತಿಂಗಳು, ಕೆಲವು ಕೋಳಿಗಳು ಅದಕ್ಕೂ ಹೆಚ್ಚು. ಒಂದು ಸುತ್ತು ಮುಗಿಯುವ ಹೊತ್ತಿಗೆ ಮೂರೂವರೆ ನಾಲ್ಕು ತಿಂಗಳಾಯಿತು. ವರ್ಷಕ್ಕೆ ಮೂರು ಸುತ್ತು ಆದರೆ ಅದು ಒಳ್ಳೆಯ ಕೋಳಿ. ಅಂದಮೇಲೆ ಒಂದು ಕಾವು ಕೆಟ್ಟರೆ ಹೋದದ್ದು ಹನ್ನೆರಡು ಮೊಟ್ಟೆ ಮಾತ್ರ ಅಲ್ಲ. ಎರಡೇ ಮರಿ ಉಳಿದರೂ ಕೋಳಿ ಆ ಎರಡರ ಹಿಂದೆಯೇ ಎರಡು ತಿಂಗಳು ತಿರುಗುತ್ತದೆ, ಮೊಟ್ಟೆ ಇಡುವುದಿಲ್ಲ. ವರ್ಷದ ಮೂರನೇ ಒಂದು ಪಾಲು ದುಡಿಮೆ ಹೋಯಿತು. ಮೊಟ್ಟೆಗೆ ಹಾಕಿದ ಲೆಕ್ಕವನ್ನು ನಾವು ಕೋಳಿಯ ದಿನಗಳಿಗೆ ಹಾಕುವುದಿಲ್ಲ, ತಪ್ಪು ಅಲ್ಲಿದೆ.

ಅದರ ಬದಲು ಮೊದಲ ಸರದಿಯ ಮೊಟ್ಟೆಗಳನ್ನು ಮನೆಗೆ ತೆಗೆದುಕೊಂಡಿರಿ ಎಂದಿಟ್ಟುಕೊಳ್ಳಿ. ಹ್ಯಾಟೆಯ ಕಾವು ಬಿಡಿಸಿದಿರಿ. ಎರಡು ಮೂರು ವಾರದಲ್ಲಿ ಅದು ಮತ್ತೆ ಮೊಟ್ಟೆಗೆ ಬರುತ್ತದೆ. ಎರಡನೆಯ ಸರದಿಯ ಮೊಟ್ಟೆ ಮೊದಲಿನದಕ್ಕಿಂತ ದೊಡ್ಡದಾಗಿರುತ್ತದೆ, ಹ್ಯಾಟೆಯ ಮೈಯೂ ತುಂಬಿಕೊಂಡಿರುತ್ತದೆ. ಆಗ ಕಾವಿಗೆ ಕೂರಿಸಿ. ನೀವು ಕಳೆದುಕೊಂಡದ್ದು ಐದಾರು ವಾರ. ಅದಕ್ಕೆ ಬದಲಾಗಿ ಮೊದಲ ಸರದಿಯ ಹನ್ನೆರಡು ಮೊಟ್ಟೆ ಮನೆಗೆ ಬಂದಿವೆ. ಅವು ಚಿಕ್ಕವಾದರೂ ತಿನ್ನಲು ಏನೂ ಕೊರತೆಯಿಲ್ಲ. ಬಸುರಿಯರಿಗೆ, ಓದುವ ಮಕ್ಕಳಿಗೆ ಬೇಯಿಸಿ ಕೊಡಿ. ಮಾರುವುದಾದರೂ ನಾಟಿ ಮೊಟ್ಟೆಗೆ ಫಾರಂ ಮೊಟ್ಟೆಗಿಂತ ಮೇಲಿನ ಬೆಲೆಯೇ ಇದೆ.

ದೊಡ್ಡ ಹ್ಯಾಚರಿಗಳವರು ಮಾಡುವುದೂ ಇದನ್ನೇ. ಅವರ ತಾಯಿ ಕೋಳಿಗಳು ಇಪ್ಪತ್ತನಾಲ್ಕು ಇಪ್ಪತ್ತೈದು ವಾರಕ್ಕೆ ಮೊಟ್ಟೆಗೆ ಬರುತ್ತವೆ. ಮೊಟ್ಟೆ 50 ಗ್ರಾಂ ಮುಟ್ಟುವವರೆಗೆ ಸಾಮಾನ್ಯವಾಗಿ ಅದನ್ನು ಮರಿ ಮಾಡುವ ಯಂತ್ರಕ್ಕೆ ಹಾಕುವುದಿಲ್ಲ. ತಿನ್ನುವ ಮೊಟ್ಟೆಯಾಗಿ ಮಾರಿಬಿಡುತ್ತಾರೆ. ಲಕ್ಷಗಟ್ಟಲೆ ಮರಿ ಮಾಡುವವರಿಗೆ ಕೆಲವು ವಾರದ ಮೊಟ್ಟೆ ಬಿಡುವುದು ಲಾಭವೆಂದು ಕಂಡಿರುವಾಗ, ಮೂರು ಕೋಳಿ ಇಟ್ಟುಕೊಂಡಿರುವ ನಮಗೆ ಅದು ಇನ್ನೂ ಹೆಚ್ಚು ಸಲ್ಲುತ್ತದೆ. ಅವರಿಗೆ ಕಾವು ಕೊಡುವುದು ವಿದ್ಯುತ್ತು. ನಮಗೆ ಕೋಳಿಯ ಮೈ.

ಇದನ್ನು ಇನ್ನೊಂದು ಹಳ್ಳಿಯಲ್ಲಿ ಹೇಳಿದಾಗ ಹಿರಿಯ ಅಜ್ಜಿಯೊಬ್ಬರು ಎದ್ದು, “ಅಲ್ಲ ಕನಪ್ಪಾ, ಆಸೆಯಿಂದ ಕಾವ್ಗ ಕೂತಿರ ಕೋಳಿಯ ಎಬ್ಬುಸುದ್ರ ಪಾಪ ಬರಲ್ವಾ?” ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ನಾನು ಕೊಟ್ಟ ಉತ್ತರ ಇದು: “ಅಜ್ಜಿ, ಎಬ್ಬಿಸಬೇಡಿ. ಅಡಿಗಿರುವ ಮೊಟ್ಟೆ ಬದಲಾಯಿಸಿ.” ತನ್ನ ಮೊಟ್ಟೆ ಯಾವುದು, ಪರರದು ಯಾವುದು ಎಂಬ ಭೇದ ಕೋಳಿಗಿಲ್ಲ. ಕಾಗೆಯ ಗೂಡಿನಲ್ಲಿ ಕೋಗಿಲೆ ಬೆಳೆಯುವುದು ಹೇಗೆ? ಮನೆಯಲ್ಲಿ ಹಳೆಯ ಕೋಳಿಯೊಂದು ಮೊಟ್ಟೆ ಇಡುತ್ತಿದ್ದರೆ ಅದರ ಮೊಟ್ಟೆಗಳನ್ನು ಹ್ಯಾಟೆಯ ಅಡಿಗಿಡಿ. ಮನೆಯಲ್ಲಿ ಇಲ್ಲದಿದ್ದರೆ ನೆರೆಮನೆಯಲ್ಲಿ ಕೇಳಿ. ಚೊಚ್ಚಲ ಮೊಟ್ಟೆ ಕೊಟ್ಟು ಬಲಿತ ಕೋಳಿಯ ಮೊಟ್ಟೆ ತೆಗೆದುಕೊಳ್ಳಿ. ತಿನ್ನುವವರಿಗೆ ಯಾವುದಾದರೇನು? ಗಾತ್ರದ ಅಂತರಕ್ಕೆ ಎರಡು ಮೊಟ್ಟೆ ಹೆಚ್ಚು ಕೊಟ್ಟರಾಯಿತು. ಈ ಏರ್ಪಾಟಿನಲ್ಲಿ ಐದಾರು ವಾರ ಕಾಯುವ ಮಾತೂ ಇಲ್ಲ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಒಳ್ಳೆಯ ದಾರಿ.

ಹೀಗೆ ಮಾಡುವುದರಲ್ಲಿ ಇನ್ನೊಂದು ದೊಡ್ಡ ಲಾಭವಿದೆ. ರಾಗಿಯ ಬಿತ್ತನೆಗೆ ನಾವು ಒಳ್ಳೆಯ ತೆನೆ ಆರಿಸುತ್ತೇವೆ. ಕೋಳಿಯಲ್ಲಿ ಮಾತ್ರ ಸಿಕ್ಕಿದ್ದನ್ನು ಬಿತ್ತುತ್ತೇವೆ. ಮೊದಲ ಸಾರಿ ಮೊಟ್ಟೆಗೆ ಬಂದ ಹ್ಯಾಟೆಯ ಗುಣ ಏನೆಂದು ನಿಮಗೆ ಇನ್ನೂ ಗೊತ್ತಿಲ್ಲ. ಎಷ್ಟು ಮೊಟ್ಟೆ ಇಡುತ್ತದೆ, ಮರಿಯನ್ನು ಹದ್ದಿನಿಂದ ಕಾಯುತ್ತದೆಯೇ, ಕೇರಿಗೆ ಬೇನೆ ಬಂದಾಗ ಉಳಿಯುತ್ತದೆಯೇ, ಒಂದೂ ತಿಳಿಯದು. ಎರಡು ವರ್ಷ ಹಿತ್ತಲಿನಲ್ಲಿ ಬಾಳಿ, ಮೂರು ನಾಲ್ಕು ಸುತ್ತು ಮರಿ ಎಬ್ಬಿಸಿ ತೋರಿಸಿದ ಕೋಳಿಯ ಮೊಟ್ಟೆ ಇಟ್ಟರೆ ಅಂಥ ಗುಣದ ಮರಿಗಳು ಬರುವ ಸಂಭವ ಹೆಚ್ಚು. ಅಂಥ ಕೋಳಿಯನ್ನು ನೆಂಟರು ಬಂದರೆಂದು ಕೊಯ್ಯಬೇಡಿ. ನೆಂಟರಿಗೆ ಹುಂಜ ಇದೆ.

ಬದಲಾಯಿಸಲು ಮೊಟ್ಟೆ ಎಲ್ಲೂ ಸಿಗದಿದ್ದರೆ ಕಾವು ಬಿಡಿಸಬೇಕು. ನೀರಿನಲ್ಲಿ ಅದ್ದುವುದು, ಮೂಗಿಗೆ ಪುಕ್ಕ ಚುಚ್ಚುವುದು, ಕಾಲು ಕಟ್ಟಿ ಬಿಸಿಲಿಗೆ ಹಾಕುವುದು ಇವೆಲ್ಲ ಬೇಡ, ಅದು ಹಿಂಸೆ. ಗಾಳಿಯಾಡುವ ಪಂಜರದಲ್ಲಿ, ಅಡಿಗೆ ಹುಲ್ಲು ಇಲ್ಲದೆ, ನೆಲದಿಂದ ಸ್ವಲ್ಪ ಮೇಲೆ, ನೆರಳಿನಲ್ಲಿ ಮೂರು ನಾಲ್ಕು ದಿನ ಇಡಿ. ಹೊಟ್ಟೆಯ ಅಡಿಗೆ ಗಾಳಿ ತಾಗಬೇಕು, ಅಷ್ಟೇ ಮುಖ್ಯ. ಕಾಳು ನೀರು ಧಾರಾಳವಾಗಿ ಕೊಡಿ. ಎಬ್ಬಿಸುವುದು ಬೇಗ ಆಗಬೇಕು. ಕೂತ ಮೊದಲ ದಿನವೇ ಪಂಜರಕ್ಕೆ ಹಾಕಿದರೆ ನಾಲ್ಕು ದಿನ ಸಾಕು. ವಾರ ಬಿಟ್ಟರೆ ಹೆಚ್ಚು ದಿನ ಹಿಡಿಯುತ್ತದೆ.

ಚೊಚ್ಚಲ ಹ್ಯಾಟೆಯನ್ನು ಕಾವಿಗೆ ಕೂರಿಸುವುದಾದರೆ ಎರಡು ಎಚ್ಚರಿಕೆ. ಅದಕ್ಕೆ ಅಭ್ಯಾಸವಿಲ್ಲ, ನಡುವೆ ಎದ್ದು ಓಡಿಬಿಡಬಹುದು. ಮೊದಲು ಎರಡು ದಿನ ಎರಡು ಮೂರು ಕೆಟ್ಟ ಮೊಟ್ಟೆ ಇಟ್ಟು ನೋಡಿ. ನಿಂತರೆ ಮೂರನೆಯ ರಾತ್ರಿ ಒಳ್ಳೆಯ ಮೊಟ್ಟೆ ಇಡಿ. ಕತ್ತಲಲ್ಲಿ ಇಟ್ಟರೆ ಗಲಾಟೆಯಿಲ್ಲ. ಅದರ ಮೈ ಚಿಕ್ಕದು, ಎಂಟು ಮೊಟ್ಟೆಗಿಂತ ಹೆಚ್ಚು ಇಡಬೇಡಿ. ಹದಿಮೂರು ಇಟ್ಟು ಅಂಚಿನ ಐದು ತಣ್ಣಗಾಗಿ, ಅವು ನಡುವಿಗೆ ಬಂದು ನಡುವಿನವು ಅಂಚಿಗೆ ಹೋಗಿ, ಕೊನೆಗೆ ಎಲ್ಲವೂ ಅರೆಕಾವಿನಲ್ಲಿ ಕೆಡುವುದುಂಟು. ಕೂರಿಸುವ ಮೊದಲು ರೆಕ್ಕೆಯ ಅಡಿಗೂ ಬಾಲದ ಬುಡಕ್ಕೂ ಒಣ ಬೂದಿ ತಿಕ್ಕಿ. ಹೇನು ಹತ್ತಿದ ಕೋಳಿ ಕಾವಿನಲ್ಲಿ ನಿಲ್ಲುವುದಿಲ್ಲ. ದಿನಕ್ಕೆ ಒಂದು ಸಾರಿ ಕಾಲು ಗಂಟೆ ಇಳಿಸಿ ಮೇಯಲು ಬಿಡಿ.

ಮೊಟ್ಟೆ ಆರಿಸುವುದಕ್ಕೆ ಕಣ್ಣಿನ ಅಂದಾಜು ಸಾಲದು. ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ. ನಾಟಿ ಕೋಳಿಯ ಹತ್ತು ಮೊಟ್ಟೆ 400 ಗ್ರಾಂ ತೂಗಿದರೆ ಸಂತೋಷ. 350ಕ್ಕಿಂತ ಕಡಿಮೆಯಾದರೆ ಅಡಿಗೆಮನೆಗೆ ಕಳಿಸಿ. ಸೀಳು ಬಿಟ್ಟದ್ದು, ಓಡು ಒರಟಾದದ್ದು, ಅತಿ ಉದ್ದ, ಅತಿ ಗುಂಡು ಇವು ಬೇಡ. ಚೂಪು ಮೊಟ್ಟೆ ಹುಂಜ, ಗುಂಡು ಮೊಟ್ಟೆ ಹ್ಯಾಟೆ ಎಂಬ ಮಾತು ಹಿರಿಯರಿಂದ ಬಂದಿದೆ. ಅದು ನಿಜವಲ್ಲ, ಆಕಾರದಿಂದ ಗಂಡು ಹೆಣ್ಣು ತಿಳಿಯುವುದಿಲ್ಲ. ಕೊಳೆಯಾಗಿದ್ದರೆ ಒಣ ಬಟ್ಟೆಯಿಂದ ಒರೆಸಿ, ತೊಳೆಯಬೇಡಿ. ದಪ್ಪ ತುದಿ ಮೇಲಾಗಿ ಇಟ್ಟು, ತಣ್ಣನೆಯ ಮೂಲೆಯಲ್ಲಿ ಒದ್ದೆ ಮರಳಿನ ಮೇಲೆ ಕೂರಿಸಿದ ಮಡಕೆಯಲ್ಲಿ ಜೋಪಾನ ಮಾಡಿ. ಚಳಿಗಾಲದಲ್ಲಿ ಏಳು ದಿನ, ಹೆಚ್ಚೆಂದರೆ ಹತ್ತು ದಿನ. ಬೇಸಿಗೆಯಲ್ಲಿ ನಾಲ್ಕೈದು ದಿನ ಮಾತ್ರ. ಫ್ರಿಜ್ಜು ಇರುವ ಮನೆಯವರು ಕಾವಿಗಿಡುವ ಮೊಟ್ಟೆಯನ್ನು ಅದರಲ್ಲಿ ಇಡಬೇಡಿ. ಆ ಶೀತಕ್ಕೆ ಜೀವದ ಮೊಳಕೆ ಸಾಯುತ್ತದೆ.

ಕಾಲದ ವಿಚಾರ ಹೇಳದೆ ಈ ಮಾತು ಮುಗಿಯದು. ನಮ್ಮಲ್ಲಿ ಮಳೆ ಮುಗಿದು, ದೀಪಾವಳಿಯ ಹೊತ್ತಿಗೆ ಒಡೆದ ಮರಿಗಳು ಚೆನ್ನಾಗಿ ಏಳುತ್ತವೆ. ಒಕ್ಕಣೆಯ ಕಾಲ, ಕಣದಲ್ಲಿ ಕಾಳು, ಹಿತ್ತಲಿನಲ್ಲಿ ಹುಳು ಹುಪ್ಪಟೆ. ಆದರೆ ಲೆಕ್ಕ ಹಾಕಿ: ದೀಪಾವಳಿಯ ಹೆಣ್ಣು ಮರಿ ಆರೇಳು ತಿಂಗಳಿಗೆ ಹ್ಯಾಟೆಯಾಗಿ ಮೊದಲ ಮೊಟ್ಟೆ ಇಡುವುದು ಯಾವಾಗ? ವೈಶಾಖ, ಜ್ಯೇಷ್ಠದಲ್ಲಿ. ಅಂದರೆ ವರ್ಷದಲ್ಲೇ ಸೆಕೆ ಜಾಸ್ತಿ ಇರುವ ಸಮಯದಲ್ಲಿ ಅಥವಾ ಅದರ ಬೆನ್ನಿಗೇ. ಸೆಕೆಗೆ ಕೋಳಿ ಮೇವು ಕಡಿಮೆ ತಿನ್ನುತ್ತದೆ, ಮೊಟ್ಟೆ ಇನ್ನೂ ಸಣ್ಣದಾಗುತ್ತದೆ. ಹೊರಗೇ ಬಿಸಿ ಇರುವಾಗ ಕಾವಿಗಿಡುವ ಮುಂಚೆಯೇ ಮೊಟ್ಟೆಯೊಳಗೆ ಮರಿ ಅರೆಬರೆ ಬೆಳೆಯತೊಡಗಿ ಸಾಯುತ್ತದೆ. ಕೊಕ್ಕರೆ ರೋಗ ಕೇರಿಗೆ ನುಗ್ಗುವುದೂ ಹೆಚ್ಚಾಗಿ ಬೇಸಿಗೆಯಲ್ಲೇ. ಎಳೆ ಮೊಟ್ಟೆ, ಎಳೆ ತಾಯಿ, ಬಿರುಬಿಸಿಲು, ರೋಗ ಇವು ನಾಲ್ಕೂ ಒಂದೇ ತಿಂಗಳಿಗೆ ಬಂದು ಕೂಡುತ್ತವೆ. ಆಗಿನ ಚೊಚ್ಚಲ ಮೊಟ್ಟೆಗಳನ್ನು ತಿಂದು ಮುಗಿಸಿ, ಮಳೆ ಹಿಡಿದು ತಂಪಾದ ಮೇಲೆ ಬರುವ ಮೊಟ್ಟೆಗಳಿಗೆ ಕಾವು ಕೊಡಿ.

ಗಿರಿರಾಜ ಕೋಳಿ ಇಟ್ಟಿರುವವರು ಇಲ್ಲಿದ್ದಾರೆ. ಅವರಿಗೆ ಬೇರೆಯಾಗಿ ಎರಡು ಮಾತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು 1980ರ ದಶಕದಲ್ಲಿ ಹಿತ್ತಲ ಸಾಕಣೆಗೆಂದೇ ರೂಪಿಸಿದ ತಳಿ ಅದು. ಅದರ ಹ್ಯಾಟೆಯ ಮೊದಲ ಮೊಟ್ಟೆಯೇ ನಾಟಿ ಕೋಳಿಯ ಬಲಿತ ಮೊಟ್ಟೆಯಷ್ಟು ಇರಬಹುದು. ಆದ್ದರಿಂದ 40 ಗ್ರಾಂ ಇದೆಯಲ್ಲ ಎಂದು ಮೋಸಹೋಗಬೇಡಿ. ಬಲಿತ ಮೇಲೆ ಅದರ ಮೊಟ್ಟೆ 50 ಗ್ರಾಂ ದಾಟುತ್ತದೆ. ಎಳೆಯದೋ ಬಲಿತದ್ದೋ ಎಂಬುದನ್ನು ಆಯಾ ಜಾತಿಯ ಅಳತೆಯಲ್ಲೇ ನೋಡಬೇಕು. ಇದಲ್ಲದೆ ಗಿರಿರಾಜ, ಆಮೇಲೆ ಬಂದ ಸ್ವರ್ಣಧಾರ ಇವು ಬೆರಕೆಯಿಂದ ಬಂದವು. ಮನೆಯಲ್ಲೇ ಅವುಗಳ ಮೊಟ್ಟೆಯಿಂದ ಮರಿ ಮಾಡಿದರೆ ತಾಯಿಯ ಬೆಳವಣಿಗೆಯೂ ಮೊಟ್ಟೆಯ ಸಂಖ್ಯೆಯೂ ಮರಿಯಲ್ಲಿ ಹಾಗೆಯೇ ಬರುವುದಿಲ್ಲ. ಅವು ಕಾವಿಗೆ ಕೂರುವುದೂ ಅಪರೂಪ. ಅವುಗಳ ಮರಿ ಬೇಕಾದರೆ ಒಂದು ದಿನದ ಮರಿಯನ್ನೇ ಕೊಂಡು ತನ್ನಿ.

ಇದೇನೂ ಹೊಸ ಅನುಭವವಲ್ಲ. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾದ ಮೇಲಿನ ವರ್ಷಗಳಲ್ಲಿ ಹಳ್ಳಿ ಕೋಳಿಯನ್ನು ಸುಧಾರಿಸಲೆಂದು ಬಿಳಿ ಲೆಗ್‌ಹಾರ್ನ್, ಕೆಂಪು ರೋಡ್ ಐಲೆಂಡ್ ಜಾತಿಯ ಹುಂಜಗಳನ್ನು ಹಂಚಿದರು. ಲೆಗ್‌ಹಾರ್ನ್ ಕೋಳಿ ಮೊಟ್ಟೆ ಬಹಳ ಇಡುತ್ತದೆ, ಕಾವಿಗೆ ಕೂರುವುದಿಲ್ಲ. ಮರಿ ಬೇಕೆಂದವರು ನಾಟಿ ಕೋಳಿಯನ್ನೇ ಹುಡುಕಿಕೊಂಡು ಹೋಗಬೇಕಾಯಿತು. ಇಂದಿಗೂ ಹಾಗೆಯೇ. ಮೊಟ್ಟೆ ಯಾವ ಊರಿನದಾದರೂ ಆಗಲಿ, ಹಳ್ಳಿಯಲ್ಲಿ ಅದಕ್ಕೆ ಕಾವು ಕೊಡುವುದು ನಾಟಿ ಕೋಳಿಯೇ.

ಮರಿ ಒಡೆದ ಮೇಲಿನ ಆರೈಕೆ ಇನ್ನೊಂದು ದಿನದ ವಿಷಯ. ಇಷ್ಟು ಮಾತ್ರ ಹೇಳುತ್ತೇನೆ: ಮೊದಲ ಎರಡು ವಾರ ತಾಯಿಯನ್ನೂ ಮರಿಗಳನ್ನೂ ದೊಡ್ಡ ಮಂಕರಿ ಕವುಚಿ, ರಾತ್ರಿ ಗೋಣಿ ಹೊದಿಸಿ ಕಾಪಾಡಿ. ಐದರಿಂದ ಏಳು ದಿನದೊಳಗೆ ಕೊಕ್ಕರೆ ರೋಗದ ಮೊದಲ ಲಸಿಕೆಯ ಹನಿ ಹಾಕಿಸಿ, ಎಂಟು ವಾರಕ್ಕೆ ಚುಚ್ಚುಮದ್ದು. ಹತ್ತು ಮನೆಯವರು ಒಂದೇ ವಾರದಲ್ಲಿ ಕಾವಿಗಿಟ್ಟರೆ ಮರಿಗಳೂ ಒಟ್ಟಿಗೆ ಒಡೆಯುತ್ತವೆ, ಲಸಿಕೆಯ ಒಂದು ಸೀಸೆ ಎಲ್ಲರಿಗೂ ಆಗುತ್ತದೆ. ಒಡೆದ ಸೀಸೆಯನ್ನು ನಾಳೆಗೆಂದು ಇಡಲು ಬರುವುದಿಲ್ಲ. ಆದ್ದರಿಂದ ನೆರೆಹೊರೆಯವರು ಮಾತನಾಡಿಕೊಂಡು ಕಾವಿಗಿಡುವ ದಿನ ಗೊತ್ತುಮಾಡಿಕೊಳ್ಳಿ.

ಈಗಾಗಲೇ ಚೊಚ್ಚಲ ಮೊಟ್ಟೆಗೆ ಕಾವು ಕೊಟ್ಟುಬಿಟ್ಟಿದ್ದೇವೆ, ಏನು ಮಾಡುವುದು ಎಂದು ಹಿಂದಿನ ಸಾಲಿನಲ್ಲಿ ಯಾರೋ ಪಿಸುಗುಟ್ಟಿದ್ದು ಕೇಳಿಸಿತು. ಏಳನೆಯ ರಾತ್ರಿ ನೋಡಿ. ರಟ್ಟಿನಲ್ಲಿ ಮೊಟ್ಟೆಗಿಂತ ಸಣ್ಣ ತೂತು ಮಾಡಿ, ಹಿಂದೆ ಬ್ಯಾಟರಿ ಇಲ್ಲವೆ ಮೊಬೈಲಿನ ದೀಪ ಹಿಡಿದು, ತೂತಿಗೆ ಮೊಟ್ಟೆಯ ದಪ್ಪ ತುದಿ ಒತ್ತಿ. ಒಳಗೆ ಜೇಡನ ಬಲೆಯಂತೆ ಕೆಂಪು ನರಗಳೂ ನಡುವೆ ಕಪ್ಪು ಚುಕ್ಕೆಯೂ ಕಂಡರೆ ಜೀವವಿದೆ. ಏನೂ ಕಾಣದೆ ಬೆಳಕು ನೇರ ಹಾದುಬಂದರೆ ಗೊಡ್ಡು. ನರವಿಲ್ಲದೆ ಒಂದು ಕೆಂಪು ಉಂಗುರ ಮಾತ್ರ ಕಂಡರೆ ಮರಿ ಹುಟ್ಟಿ ಸತ್ತಿದೆ. ಗೊಡ್ಡನ್ನೂ ಸತ್ತದ್ದನ್ನೂ ತೆಗೆದುಹಾಕಿ. ಹನ್ನೆರಡರಲ್ಲಿ ನಾಲ್ಕಕ್ಕಿಂತ ಕಡಿಮೆ ಜೀವ ಉಳಿದಿದ್ದರೆ, ಪಕ್ಕದ ಮನೆಯಲ್ಲಿ ಅದೇ ದಿನ ಕೂರಿಸಿದ ಕೋಳಿ ಇದೆಯೇ ಕೇಳಿ, ಆ ಮೊಟ್ಟೆಗಳನ್ನು ಅದರ ಅಡಿಗೆ ಸೇರಿಸಿ ನಿಮ್ಮ ಹ್ಯಾಟೆಯನ್ನು ಬಿಡಿಸಿಕೊಳ್ಳಿ. ಅದು ಬೇಗ ಮೊಟ್ಟೆಗೆ ಬರುತ್ತದೆ. ಜೀವವಿರುವವು ಆರೇಳು ಇದ್ದರೆ ಹಾಗೆಯೇ ಬಿಡಿ, ಆ ಮರಿಗಳಿಗೆ ಮೊದಲ ಹದಿನೈದು ದಿನ ಹೆಚ್ಚಿನ ಕಾಳಜಿ ಕೊಡಿ.

ಇಲ್ಲಿಗೆ ಬರುವಾಗ ಒಬ್ಬ ತಾಯಿ ಸೆರಗಿನಲ್ಲಿ ನಾಲ್ಕು ಮೊಟ್ಟೆ ಕಟ್ಟಿಕೊಂಡು ಬಂದದ್ದನ್ನು ನೋಡಿದೆ. ಕಾವಿಗಿಟ್ಟು ಎಂಟು ದಿನವಾಯಿತಂತೆ. ಅವು ತಣ್ಣಗಾಗುವ ಮುಂಚೆ ಪಕ್ಕದ ಕೋಣೆಯ ಬಾಗಿಲು ಹಾಕಿ ಬೆಳಕಿಗೆ ಹಿಡಿದು ನೋಡೋಣ. ಮಕ್ಕಳು ಮುಂದೆ ಬನ್ನಿ.